ಆಪ್ರವಾಸಿ ಘಾಟ್, ಪೋರ್ಟ್ ಲೂಯಿ: 16 ಮೆಟ್ಟಿಲು, 16 ಗುಂಟೆ

ಆಪ್ರವಾಸಿ ಘಾಟ್ ಎಂದರೆ ಭಾರತದಿಂದ ಕರಾರಿನ ಮೇಲೆ ಕೂಲಿಗೆ ಬಂದವರನ್ನು ಮಾರಿಷಸ್‌ನಲ್ಲಿ ಇಳಿಸಿಕೊಳ್ಳುತ್ತಿದ್ದ ವಲಸೆ ಡಿಪೊ. ಮಾರಿಷಸ್ ಪ್ಯಾಕೇಜ್ ಟೂರುಗಳಲ್ಲಿ ಅದಕ್ಕೆ ಸಿಗುವುದು ಹೆಚ್ಚೆಂದರೆ ಇಪ್ಪತ್ತು ನಿಮಿಷ. ಬಸ್ ಇಳಿದು ಮೆಟ್ಟಿಲ ಮುಂದೆ ಒಂದು ಫೋಟೊ ತೆಗೆಸಿಕೊಂಡರೆ ಮುಗಿಯಿತು. ಹಾಗೆ ನೋಡಿ ಬಂದವರು ‘ಇಷ್ಟೇನಾ?’ ಅಂದರೆ ತಪ್ಪಿಲ್ಲ. ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೆ 2006ರಲ್ಲಿ ಸೇರಿದ ಈ ಜಾಗದ ವಿಸ್ತೀರ್ಣ 1,640 ಚದರ ಮೀಟರ್, ನಮ್ಮ ಲೆಕ್ಕದಲ್ಲಿ ಸುಮಾರು 16 ಗುಂಟೆ. ಕಪ್ಪು ಕಲ್ಲಿನ ಮೆಟ್ಟಿಲೂ ಹದಿನಾರೇ. ಹಂಪಿ, ಬಾದಾಮಿ ನೋಡಿದ ಕಣ್ಣಿಗೆ ಇಲ್ಲಿ ಕಟ್ಟಡ ಅನ್ನುವಂಥದ್ದು ಹೆಚ್ಚೇನಿಲ್ಲ. ಹಾಗಾಗಿ ಇದನ್ನು ನೋಡುವ ಕ್ರಮವೇ ಬೇರೆ.

ಮೊದಲು ವೇಳೆ. ವಾರದ ದಿನಗಳಲ್ಲಿ ಬೆಳಿಗ್ಗೆ 9ರಿಂದ ಸಂಜೆ 4ರವರೆಗೆ, ಶನಿವಾರ ಮಧ್ಯಾಹ್ನದವರೆಗೆ ಮಾತ್ರ, ಭಾನುವಾರ ಬಾಗಿಲಿಲ್ಲ. ಸರ್ಕಾರಿ ರಜೆಗಳು ಇಲ್ಲಿ ಹೆಚ್ಚು, ಹೊರಡುವ ಮುನ್ನ ಫೋನ್ ಮಾಡಿ ಕೇಳುವುದು ಕ್ಷೇಮ. ಪ್ರವೇಶ ಉಚಿತ. ನವೆಂಬರ್‌ನಿಂದ ಏಪ್ರಿಲ್‌ವರೆಗೆ ಹೋಗುವವರು 9 ಗಂಟೆಗೇ ಬಾಗಿಲಲ್ಲಿರಬೇಕು. ಪೋರ್ಟ್ ಲೂಯಿ ಬೆಟ್ಟಗಳ ಮರೆಯಲ್ಲಿ, ಗಾಳಿ ತಾಗದ ಪಶ್ಚಿಮ ಕರಾವಳಿಯಲ್ಲಿರುವ ಊರು. ಹನ್ನೊಂದಾದರೆ ಮಂಗಳೂರಿನ ಏಪ್ರಿಲ್ ಸೆಕೆ. ಅದೇ ತಿಂಗಳುಗಳಲ್ಲಿ ಚಂಡಮಾರುತದ ಕಾಟವೂ ಇದೆ. ಎಚ್ಚರಿಕೆ ಒಂದರಿಂದ ನಾಲ್ಕರವರೆಗೆ ಏರುತ್ತದೆ, ಮೂರನೇ ದರ್ಜೆ ಬಂತೆಂದರೆ ಬಸ್ಸು, ಕಚೇರಿ, ವಸ್ತುಸಂಗ್ರಹಾಲಯ ಎಲ್ಲ ಬಂದ್. 2024ರ ಜನವರಿಯಲ್ಲಿ ಬೆಲಾಲ್ ಚಂಡಮಾರುತಕ್ಕೆ ಈ ಊರಿನ ಬೀದಿಗಳಲ್ಲಿ ಕಾರುಗಳು ತೇಲಿದ್ದವು. ಅಂಥ ದಿನ ಹೋಟೆಲಿನಲ್ಲೇ ಇರಿ.

ಒಳಗೆ ಹೋದ ಕೂಡಲೇ ಮೆಟ್ಟಿಲ ಕಡೆ ಓಡಬೇಡಿ. ಪಕ್ಕದ ಹಳೆಯ ಕಲ್ಲಿನ ಉಗ್ರಾಣದಲ್ಲಿ ಬೀಕ್ರಮ್‌ಸಿಂಗ್ ರಾಮಲಲ್ಲಾ ಮಾಹಿತಿ ಕೇಂದ್ರವಿದೆ, 2014ರಲ್ಲಿ ತೆರೆದದ್ದು. ಮೊದಲು ಅದನ್ನು ನೋಡಿ, ಆಮೇಲೆ ಗೈಡ್ ಜೊತೆ ಹೊರಗಿನ ಅವಶೇಷಗಳಿಗೆ ಬನ್ನಿ. ಎರಡಕ್ಕೂ ಸೇರಿ ಒಂದೂವರೆ ಗಂಟೆ ಬೇಕು. ಇಂಗ್ಲಿಷ್ ಬಂದರೆ ಸಾಕು. ಗೈಡ್ ಇಲ್ಲದೆ ನೋಡಿದರೆ ಆಸ್ಪತ್ರೆಯ ಗೋಡೆ ಯಾವುದು, ಅಡುಗೆಮನೆ ಯಾವುದು, ಶೌಚಾಲಯದ ತಳಪಾಯ ಯಾವುದು ಒಂದೂ ಗೊತ್ತಾಗುವುದಿಲ್ಲ. ಆಗ ಇದು ಬರೀ ಮುರುಕಲು ಗೋಡೆ. ಹೆದ್ದಾರಿ ಪಕ್ಕದಲ್ಲೇ ಹೋಗುವುದರಿಂದ ಲಾರಿ ಸದ್ದಿನಲ್ಲಿ ಗೈಡ್ ಮಾತು ಅರ್ಧ ಕೇಳುವುದಿಲ್ಲ, ಹತ್ತಿರವೇ ನಿಲ್ಲಿ. ಡಿಪೊದ ಬಹುಪಾಲು ಜಾಗ ಹೋದದ್ದೂ ರಸ್ತೆಗೇ.

ಇಲ್ಲಿ ನಡೆದದ್ದೇನು? 1835ರ ಫೆಬ್ರವರಿ 1ರಂದು ಗುಲಾಮಗಿರಿ ರದ್ದಾಯಿತು. ಕಬ್ಬಿನ ತೋಟದವರಿಗೆ ಆಳು ಬೇಕಾಗಿತ್ತು. ರದ್ದತಿಗೂ ಮುಂಚೆಯೇ, 1834ರ ನವೆಂಬರ್ 2ರಂದು, ಕಲ್ಕತ್ತೆಯಿಂದ ‘ಅಟ್ಲಾಸ್’ ಹಡಗಿನಲ್ಲಿ 36 ಮಂದಿ ಬಂದಿಳಿದರು. ಐದು ವರ್ಷದ ಕರಾರು, ತಿಂಗಳಿಗೆ ಐದು ರೂಪಾಯಿ. ಬ್ರಿಟಿಷರು ಇದಕ್ಕೆ ‘ಮಹಾ ಪ್ರಯೋಗ’ ಎಂದು ಹೆಸರಿಟ್ಟರು. ಪ್ರಯೋಗ ಲಾಭ ತಂದಿತು, ಅದೇ ಮಾದರಿ ಗಯಾನಾ, ಟ್ರಿನಿಡಾಡ್, ನಟಾಲ್, ಫಿಜಿಗೂ ಹೋಯಿತು. ಮಾರಿಷಸ್ ಒಂದಕ್ಕೇ 1920ರವರೆಗೆ ಸುಮಾರು ನಾಲ್ಕೂವರೆ ಲಕ್ಷ ಜನ. ಈ ಡಿಪೊ ಕಟ್ಟಿಸಿದ್ದು 1849ರಲ್ಲಿ. ಇಳಿದವರನ್ನು ಸಾಮಾನ್ಯವಾಗಿ ಎರಡು ದಿನ ಇಲ್ಲಿ ಇಟ್ಟುಕೊಂಡು, ವೈದ್ಯರಿಂದ ತಪಾಸಣೆ ಮಾಡಿಸಿ, ಪ್ರತಿಯೊಬ್ಬರಿಗೂ ಒಂದು ಸಂಖ್ಯೆ ಕೊಟ್ಟು ತೋಟಗಳಿಗೆ ಸಾಗಿಸುತ್ತಿದ್ದರು. ಗೈಡ್‌ಗಳಿಗೆ ‘ಡಬಲ್ ಕಟ್’ ಬಗ್ಗೆ ಕೇಳಿ ನೋಡಿ. ಒಂದು ದಿನ ಕೆಲಸಕ್ಕೆ ತಪ್ಪಿಸಿಕೊಂಡರೆ ಎರಡು ದಿನದ ಕೂಲಿ ಮುರಿಯುವ ಪದ್ಧತಿ ಅದು. ಐದು ರೂಪಾಯಿ ಐದಾಗಿಯೇ ಕೈಗೆ ಬರುತ್ತಿರಲಿಲ್ಲ ಅನ್ನುವುದು ಅಲ್ಲಿ ಅರ್ಥವಾಗುತ್ತದೆ.

ಮೊದಲು ಈ ಜಾಗದ ಹೆಸರು ‘ಕೂಲಿ ಘಾಟ್’. ಈಗಿನದು ಗೌರವದ ಹಿಂದಿ ಹೆಸರು, ‘ವಲಸಿಗರ ಘಾಟ್’ ಎಂದರ್ಥ. ಆದರೆ ಆ ಹೆಸರು ಒಂದು ತಪ್ಪು ಚಿತ್ರವನ್ನೂ ಕೊಡುತ್ತದೆ, ಬಂದವರೆಲ್ಲ ಹಿಂದಿಯವರು ಅನ್ನುವ ಹಾಗೆ. ಬಹುಪಾಲು ಬಿಹಾರದ ಭೋಜ್‌ಪುರಿ ಮಾತಿನವರು ನಿಜ. ಮದ್ರಾಸಿನಿಂದ ತಮಿಳರು, ತೆಲುಗರು, ಬೊಂಬಾಯಿಯಿಂದ ಮರಾಠಿಗರು ಹತ್ತಿದರು. ದ್ವೀಪದ ಕ್ರಿಯೋಲ್ ಮಾತಿನಲ್ಲಿ ಹಿಂದೂಗಳನ್ನೆಲ್ಲ ‘ಮಲ್‌ಬಾರ್’ ಎಂದು ಹೀಗಳೆಯುವ ರೂಢಿಯೊಂದಿದೆ. ಮಲಬಾರನ್ನೇ ಕಾಣದ ಬಿಹಾರಿಯೂ ಅಲ್ಲಿ ಮಲ್‌ಬಾರ್!

ಹಿರಿಯರ ಗುರುತು ಹುಡುಕಿಕೊಂಡು ಬರುವವರು ಎಡವುವುದು ಒಂದು ಕಡೆ. ದಾಖಲೆಗಳು ಈ ಘಾಟ್‌ನಲ್ಲಿಲ್ಲ, ಮೋಕಾದ ಮಹಾತ್ಮ ಗಾಂಧಿ ಸಂಸ್ಥೆಯ ದಫ್ತರಖಾನೆಯಲ್ಲಿವೆ. ವಿಕ್ಟೋರಿಯಾ ನಿಲ್ದಾಣದಿಂದ ಮೆಟ್ರೊ ಹಿಡಿದು ರೋಸ್ ಹಿಲ್‌ನಲ್ಲಿ ಬದಲಾಯಿಸಿ ರೆಡ್ವಿ ಕಡೆಗೆ ಹೋದರೆ ಅದು ಹತ್ತಿರ. ವಲಸಿಗನ ಸಂಖ್ಯೆ ಗೊತ್ತಿದ್ದರೆ ಕೆಲಸ ಬೇಗ; ಅದಿಲ್ಲದಿದ್ದರೆ ಹಡಗಿನ ಹೆಸರು, ಬಂದ ವರ್ಷ, ತೋಟದ ಹೆಸರು ಇವುಗಳಲ್ಲಿ ಎರಡಾದರೂ ಬೇಕು. ಬರೀ ಹೆಸರು ಹಿಡಿದು ಹೋದರೆ ಕಷ್ಟ. ಗುಮಾಸ್ತರು ಕಿವಿಗೆ ಬಿದ್ದಂತೆ ಬರೆದುಕೊಂಡವರು, ಒಂದೇ ಹೆಸರು ನಾಲ್ಕು ಕಾಗುಣಿತದಲ್ಲಿ ಸಿಗುತ್ತದೆ. ತಂದೆಯ ಹೆಸರು ಮಗನಿಗೆ ಮನೆತನದ ಹೆಸರಾಗಿ ಅಂಟಿಕೊಂಡದ್ದೂ ಉಂಟು. ಹಡಗು ಹತ್ತಿದ ಬಂದರನ್ನೇ ಸ್ವಂತ ಊರು ಅಂದುಕೊಳ್ಳುವುದು ಇನ್ನೊಂದು ತಪ್ಪು. ‘ಮದ್ರಾಸ್’ ಎಂದಿದ್ದರೆ ಅದು ಬಂದರು ಅಷ್ಟೇ, ಊರು ಯಾವುದು, ಮನೆಮಾತು ಯಾವುದು ಎಂದು ಅದರಿಂದ ಹೇಳಲಾಗದು. ಜಿಲ್ಲೆ, ಹಳ್ಳಿ, ಜಾತಿ, ಎತ್ತರ, ಮೈಮೇಲಿನ ಗುರುತು ಇರುವ ಕಾಲಂಗಳನ್ನು ಓದಬೇಕು.

ನನ್ನ ತಕರಾರು ಇಷ್ಟು. ಘಾಟ್ ಒಂದನ್ನೇ ನೋಡಿದರೆ ದ್ವೀಪದ ಕಥೆ ಅರ್ಧಕ್ಕೇ ನಿಲ್ಲುತ್ತದೆ. ಆಫ್ರಿಕಾ, ಮಡಗಾಸ್ಕರ್‌ಗಳಿಂದ ಸರಪಳಿಯಲ್ಲಿ ಬಂದವರ ಮಕ್ಕಳೂ ಇಲ್ಲಿಯವರೇ. ನಡಿಗೆಯ ದೂರದಲ್ಲೇ, ಫ್ರೆಂಚರ ಕಾಲದ ಮಿಲಿಟರಿ ಆಸ್ಪತ್ರೆಯಲ್ಲಿ ಗುಲಾಮಗಿರಿಯ ವಸ್ತುಸಂಗ್ರಹಾಲಯವಿದೆ. ಸೆಕೆಯ ತಿಂಗಳಲ್ಲದಿದ್ದರೆ ಬೆಳಿಗ್ಗೆ ಅದನ್ನು ನೋಡಿ ಆಮೇಲೆ ಘಾಟ್‌ಗೆ ಬಂದರೆ ಕಾಲಕ್ರಮವೂ ಸರಿ, ನ್ಯಾಯವೂ ಸರಿ. ಈ ಸಮುದಾಯಗಳ ತಕ್ಕಡಿ ಇಲ್ಲಿ ಇಂದಿಗೂ ನಾಜೂಕು. 1972ರ ನಂತರ ಜನಗಣತಿಯಲ್ಲಿ ಸಮುದಾಯ ಯಾವುದೆಂದು ಕೇಳುವುದನ್ನೇ ಬಿಟ್ಟಿದ್ದಾರೆ, ಆದರೂ ಸಂಸತ್ತಿನ ‘ಬೆಸ್ಟ್ ಲೂಸರ್’ ಪದ್ಧತಿಯಲ್ಲಿ ಸಮುದಾಯಗಳ ಪಾಲು ಸರಿದೂಗಿಸಲೆಂದು ಸೋತ ಅಭ್ಯರ್ಥಿಗಳಿಗೆ ಎಂಟು ಸೀಟುಗಳವರೆಗೆ ಹಂಚಲು ಆ 1972ರ ಅಂಕಿಯನ್ನೇ ಹಿಡಿದಿದ್ದಾರೆ.

ಕರ್ನಾಟಕದ ಎಳೆ ಹುಡುಕುವವರಿಗೆ ಒಂದು ಮಾತು. ಅದು ಸಿಗುವುದು ಘಾಟ್‌ನಲ್ಲಲ್ಲ, ಕುದುರೆ ಪಂದ್ಯದ ಶಾನ್ ದ ಮಾರ್ಸ್ ಮೈದಾನದಲ್ಲಿ, ಫ್ರೆಂಚ್ ಗವರ್ನರ್ ಮಲಾರ್ತಿಕ್‌ನ ಸಮಾಧಿಯ ಬಳಿ. ಟಿಪ್ಪು ಸುಲ್ತಾನನ ದೂತರು ಗುಟ್ಟಾಗಿ ನೆರವು ಕೇಳಲು ಬಂದಾಗ, ಈ ಮಹಾನುಭಾವ 1798ರ ಜನವರಿಯಲ್ಲಿ ಊರಿಗೆಲ್ಲ ಪ್ರಕಟಣೆ ಹಚ್ಚಿಸಿ ಸ್ವಯಂಸೇವಕರನ್ನು ಕರೆದ. ಮಂಗಳೂರಿಗೆ ಬಂದಿಳಿದವರು ನೂರರ ಆಸುಪಾಸು. ಪ್ರಕಟಣೆ ಮಾತ್ರ ಬ್ರಿಟಿಷ್ ಗವರ್ನರ್ ಜನರಲ್ ವೆಲ್ಲೆಸ್ಲಿಯ ಕೈಸೇರಿ ನಾಲ್ಕನೇ ಮೈಸೂರು ಯುದ್ಧಕ್ಕೆ ನೆಪವಾಯಿತು.

ಊಟಕ್ಕೆ ಸೆಂಟ್ರಲ್ ಮಾರ್ಕೆಟ್ ಸುತ್ತಮುತ್ತ ದೋಲ್ ಪುರಿ. ಕಡಲೆಬೇಳೆ ಬೇಯಿಸಿ ಪುಡಿಮಾಡಿ ಒಳಗೆ ತುಂಬಿ ತೆಳ್ಳಗೆ ಲಟ್ಟಿಸಿದ್ದು. ಬೆಲ್ಲ ಹಾಕದ ಹೋಳಿಗೆ ಅಂದುಕೊಳ್ಳಿ. ಜೋಡಿಯಾಗಿಯೇ ಮಾರುತ್ತಾರೆ, ಒಳಗೆ ಅವರೆಯಂಥ ದೊಡ್ಡ ಕಾಳಿನ ಪಲ್ಯ, ಟೊಮೆಟೊ ಗೊಜ್ಜು, ಖಾರ. ಖಾರ ಬೇಡವಾದರೆ ಮೊದಲೇ ಹೇಳಿ, ಸುತ್ತಿಕೊಟ್ಟ ಮೇಲೆ ತೆಗೆಯಲಾಗದು. ಚಿಲ್ಲರೆಗೆ ಬಂದ ನೋಟನ್ನು ಜೇಬಿಗಿಳಿಸುವ ಮುಂಚೆ ನೋಡಿ: ಇಂಗ್ಲಿಷ್, ಕೆಳಗೆ ತಮಿಳು, ಅದರ ಕೆಳಗೆ ಹಿಂದಿ. 1998ರಲ್ಲಿ ಹಿಂದಿಯನ್ನು ತಮಿಳಿಗಿಂತ ಮೇಲೆ ಅಚ್ಚು ಹಾಕಿದ್ದಕ್ಕೆ ತಮಿಳರು ಬೀದಿಗಿಳಿದರು, ಸರ್ಕಾರ ಆ ನೋಟುಗಳನ್ನು ವಾಪಸ್ ಪಡೆಯಿತು.