ಜಿ102 ಅಥವಾ ಜಿ304: ವ್ಯಾಲರಂಟ್ ಶೂಟಿಂಗ್ ಗೇಮ್ ಆಡೋಕೆ ಯಾವ ಮೌಸ್?

ಲಾಜಿಟೆಕ್‌ನ ಈ ಎರಡೂ ಮೌಸ್‌ಗಳ ಆಕಾರ ಹೆಚ್ಚುಕಡಿಮೆ ಒಂದೇ. ಎರಡರಲ್ಲೂ ಆರು ಬಟನ್. ಆಯ್ಕೆ ನಿಂತಿರುವುದು ವೈರ್ ಮತ್ತು ತೂಕದ ಮೇಲೆ.

ಜಿ102ಕ್ಕೆ ವೈರ್ ಇದೆ, ತೂಕ 85 ಗ್ರಾಂ. ಜಿ304 ವೈರ್‌ಲೆಸ್, ಎಎ ಸೆಲ್ ಸೇರಿ 99 ಗ್ರಾಂ. ಸೆಲ್ ಅಂಗೈ ಕೆಳಗೇ ಕೂರುತ್ತದೆ. ಕಡಿಮೆ ಸೆನ್ಸಿಟಿವಿಟಿಯಲ್ಲಿ (ಮೌಸ್ ತುಂಬಾ ಸರಿಸಿದರೂ ಗುರಿ ಸ್ವಲ್ಪವೇ ತಿರುಗುವ ಹಾಗೆ) ಆಡುವವರು ಮೌಸನ್ನು ಪದೇ ಪದೇ ಎತ್ತಿ ಇಡುತ್ತಾರೆ, ಅಲ್ವಾ? ಆಗ ಹಿಂಭಾಗದ ಆ ಭಾರ ಚೆನ್ನಾಗಿ ಗೊತ್ತಾಗುತ್ತದೆ. ಲೀಥಿಯಂ ಸೆಲ್ ಹಾಕಿದರೆ ಸುಮಾರು 8 ಗ್ರಾಂ ಇಳಿಯುತ್ತದೆ. ಮೇಜಿನ ಅಂಚಿಗೆ ವೈರ್ ಸಿಕ್ಕಿಕೊಂಡು ಗುರಿ ತಪ್ಪುವ ಕಾಟವಂತೂ ಜಿ304ರಲ್ಲಿಲ್ಲ.

ಡಿಪಿಐ ಅಂದ್ರೆ ಮೌಸ್ ಒಂದಿಂಚು ಸರಿದರೆ ಕರ್ಸರ್ ಎಷ್ಟು ಚುಕ್ಕಿ ಸರಿಯುತ್ತದೆ ಅನ್ನೋ ಲೆಕ್ಕ. ಜಿ102ರದ್ದು 8,000 ಡಿಪಿಐ, ಜಿ304ರದ್ದು 12,000 ಡಿಪಿಐ ಅಂತ ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ. 800ರಲ್ಲಿ ಆಡುವವರೇ ಜಾಸ್ತಿ.

ಬಜೆಟ್ ಬಿಗಿ ಇದ್ದರೆ ಜಿ102 ತಗೊಳ್ಳಿ. ವೈರನ್ನು ಮಾನಿಟರ್ ಸ್ಟ್ಯಾಂಡಿಗೆ ಟೇಪ್ ಹಾಕಿ, ಸ್ವಲ್ಪ ಸಡಿಲ ಬಿಡಿ.