ಫೈಬ್ರಾಯ್ಡ್‌ಗೆ ಲ್ಯೂಪ್ರೊಲೈಡ್ ಇಂಜೆಕ್ಷನ್: ಒಂಬತ್ತು ಡೋಸುಗಳ ಬಳಿಕ ಬರೆದ ವಿಮರ್ಶೆ

ನಾನು ಮೂಡಿಗೆರೆ ಸಮೀಪದ ಪ್ರೌಢಶಾಲೆಯೊಂದರಲ್ಲಿ ಗಣಿತ ಶಿಕ್ಷಕಿ. 2022ರ ಅಕ್ಟೋಬರಿನಲ್ಲಿ, ನನಗೆ 44 ವರ್ಷವಾಗಿದ್ದಾಗ, ಗರ್ಭಕೋಶದ ಗೋಡೆಯೊಳಗೆ 8 ಸೆಂಟಿಮೀಟರಿನ ಫೈಬ್ರಾಯ್ಡ್ ಗಡ್ಡೆ ಬೆಳೆದಿರುವುದು ಸ್ಕ್ಯಾನಿಂಗ್‌ನಲ್ಲಿ ಕಂಡಿತು. ತಿಂಗಳಿಗೆ ಒಂಬತ್ತು ಹತ್ತು ದಿನ ಸ್ರಾವವಾಗಿ, 12ರ ಮೇಲಿರಬೇಕಾದ ಹಿಮೋಗ್ಲೋಬಿನ್ 7.1ಕ್ಕೆ ಇಳಿದಿತ್ತು, ಬೋರ್ಡಿನ ಮೇಲೆ ಒಂದು ಪ್ರಮೇಯ ಬರೆದು ಮುಗಿಸುವಷ್ಟರಲ್ಲಿ ಮೇಜು ಹಿಡಿದುಕೊಂಡು ನಿಲ್ಲಬೇಕಾಗುತ್ತಿತ್ತು. ಗರ್ಭಕೋಶ ತೆಗೆಸುವುದೇ ಸರಿಯೆಂದ ಚಿಕ್ಕಮಗಳೂರಿನ ಡಾಕ್ಟರಮ್ಮ, ಇಷ್ಟು ಕಡಿಮೆ ರಕ್ತವಿರುವಾಗ ಆಪರೇಷನ್ ಬೇಡ, ಮೊದಲು ಮೂರು ತಿಂಗಳು ಹಾರ್ಮೋನು ತಗ್ಗಿಸುವ ಲ್ಯೂಪ್ರೊಲೈಡ್ ಡಿಪೋ ಇಂಜೆಕ್ಷನ್ನನ್ನೂ ಕಬ್ಬಿಣಾಂಶವನ್ನೂ ಕೊಡೋಣ ಎಂದರು. ಅದನ್ನು ಎರಡು ಸರದಿಯಲ್ಲಿ ಒಟ್ಟು ಒಂಬತ್ತು ಸಲ ತೆಗೆದುಕೊಂಡವಳಾಗಿ ಈ ಮಾತುಗಳನ್ನು ಬರೆಯುತ್ತಿದ್ದೇನೆ.

ಮೊದಲು ಈ ಔಷಧಿ ಮಾಡುವ ಕೆಲಸವನ್ನು ಹೇಳಬೇಕು, ಏಕೆಂದರೆ ಅದು ತಿಳಿಯದಿದ್ದರೆ ಎರಡನೆಯ ವಾರದಲ್ಲಿ ಯಾರಾದರೂ ಹೆದರಿಯಾರು. ಮಿದುಳಿನಿಂದ ಜಿಎನ್‌ಆರ್‌ಎಚ್ ಎಂಬ ಹಾರ್ಮೋನು ಬಿಟ್ಟುಬಿಟ್ಟು ಹೊರಟು ಪಿಟ್ಯುಟರಿ ಗ್ರಂಥಿಯನ್ನು ಎಚ್ಚರಿಸುತ್ತದೆ, ಆ ಗ್ರಂಥಿ ಅಂಡಾಶಯವನ್ನು ಎಚ್ಚರಿಸುತ್ತದೆ, ಅಂಡಾಶಯದ ಈಸ್ಟ್ರೋಜೆನ್ ಮತ್ತು ಪ್ರೊಜೆಸ್ಟರಾನ್‌ಗಳಿಂದ ಗಡ್ಡೆ ಬೆಳೆಯುತ್ತದೆ. ಲ್ಯೂಪ್ರೊಲೈಡ್ ಆ ಹಾರ್ಮೋನಿನ ಹೆಚ್ಚು ಬಲವುಳ್ಳ ನಕಲು. ಆದರೆ ಇದು ಬಿಡುವು ಕೊಡದೆ ತಿಂಗಳಿಡೀ ರಕ್ತಕ್ಕೆ ಸೇರುತ್ತಿರುತ್ತದೆ. ಶಾಲೆಯ ಗಂಟೆ ಅವಧಿಗೊಮ್ಮೆ ಬಾರಿಸಿದರೆ ಮಕ್ಕಳು ತರಗತಿ ಬದಲಿಸುತ್ತಾರೆ. ಅದೇ ಗಂಟೆ ನಿಲ್ಲದೆ ಬಾರಿಸುತ್ತಲೇ ಇದ್ದರೆ ಮೊದಲು ಎಲ್ಲರೂ ಒಮ್ಮೆಲೇ ಹೊರಗೋಡಿ ಬರುತ್ತಾರೆ, ಆಮೇಲೆ ಯಾರೂ ಅದಕ್ಕೆ ಕಿವಿಗೊಡುವುದಿಲ್ಲ. ಪಿಟ್ಯುಟರಿಯೂ ಹಾಗೆಯೇ. ಆರಂಭದ ಒಂದೆರಡು ವಾರ ಈಸ್ಟ್ರೋಜೆನ್ ಏರುತ್ತದೆ, ಬಳಿಕ ಮುಟ್ಟು ನಿಂತವರ ಮಟ್ಟಕ್ಕೆ ಇಳಿಯುತ್ತದೆ.

ನವೆಂಬರಿನಲ್ಲಿ ಮೊದಲ ಇಂಜೆಕ್ಷನ್ ಪಡೆದ ಹನ್ನೊಂದನೆಯ ದಿನ ಆದ ಸ್ರಾವ ಹಿಂದೆಂದೂ ಆಗಿರಲಿಲ್ಲ. ರಾತ್ರಿ ಹತ್ತರ ಮೇಲೆ ಮೂಡಿಗೆರೆಯಿಂದ ಚಿಕ್ಕಮಗಳೂರಿಗೆ ಮೂವತ್ತು ಕಿಲೋಮೀಟರ್ ಹೊರಡಲು ಯಜಮಾನರು ಗಾಡಿ ತೆಗೆದಿದ್ದರು. ಫೋನಿನಲ್ಲಿ ಸಿಕ್ಕ ಡಾಕ್ಟರಮ್ಮ, ಇದು ನಿರೀಕ್ಷಿತವೇ ಎಂದು ಸಮಾಧಾನ ಹೇಳಿ, ಸ್ರಾವ ತಗ್ಗಿಸುವ ಮಾತ್ರೆ ಸೂಚಿಸಿ, ತಲೆಸುತ್ತು ಬಂದರೆ ಮಾತ್ರ ತಡಮಾಡದೆ ಬರಬೇಕೆಂದರು. ನಿರೀಕ್ಷಿತವಾಗಿದ್ದರೆ ಮುಂಚೆಯೇ ಹೇಳಬೇಕಿತ್ತು. ನನ್ನಷ್ಟು ರಕ್ತಹೀನತೆ ಇದ್ದವರಿಗೆ ಈ ಒಂದು ಮಾತು ಔಷಧಿಯಷ್ಟೇ ಮುಖ್ಯವೆಂದು ನಾನು ಈಗಲೂ ನಂಬಿದ್ದೇನೆ.

ಐದನೆಯ ವಾರದ ಹೊತ್ತಿಗೆ ಸ್ರಾವ ಪೂರ್ತಿಯಾಗಿ ನಿಂತಿತು. ರಕ್ತನಾಳದ ಮೂಲಕ ಕೊಟ್ಟ ಕಬ್ಬಿಣಾಂಶವೂ ಸೇರಿ, ಮೂರನೆಯ ಇಂಜೆಕ್ಷನ್ ಮುಗಿದಾಗ ಹಿಮೋಗ್ಲೋಬಿನ್ 11.2 ತಲುಪಿತ್ತು. ಗಡ್ಡೆ 6.7 ಸೆಂಟಿಮೀಟರ್ ಆಗಿತ್ತು. ಇಷ್ಟು ಖರ್ಚು ಮಾಡಿ ಒಂದೂಕಾಲು ಸೆಂಟಿಮೀಟರ್ ಇಳಿಯಿತೇ ಎಂದು ಮನೆಯಲ್ಲಿ ಎಲ್ಲರಿಗೂ ಬೇಸರ. ಆದರೆ ಗಡ್ಡೆಯನ್ನು ಗೋಳವೆಂದು ಭಾವಿಸಿದರೆ ಲೆಕ್ಕ ಹಾಕಬೇಕಾದದ್ದು ವ್ಯಾಸದ ಘನದಿಂದ: 8ರ ಘನ 512, 6.7ರ ಘನ ಸುಮಾರು 301. ಅಂದರೆ ಗಾತ್ರ ನೂರಕ್ಕೆ 41ರಷ್ಟು ಕುಗ್ಗಿತ್ತು. ಮೂರು ತಿಂಗಳಲ್ಲಿ ನೂರಕ್ಕೆ 35ರಿಂದ 50ರಷ್ಟು ಕುಗ್ಗುವುದು ಈ ಔಷಧಿಯಲ್ಲಿ ಸಾಮಾನ್ಯವಾಗಿ ಕಾಣುವ ಫಲ. ಸ್ಕ್ಯಾನಿಂಗ್ ವರದಿಯಲ್ಲಿ ವ್ಯಾಸವನ್ನಷ್ಟೇ ನೋಡಿ ಯಾರೂ ನಿರಾಶರಾಗಬಾರದು.

ಇನ್ನು ಕಷ್ಟಗಳು. ಡಿಸೆಂಬರಿನ ನಮ್ಮೂರ ಚಳಿಯಲ್ಲಿ ಮನೆಯವರೆಲ್ಲ ಎರಡೆರಡು ಕಂಬಳಿ ಹೊದ್ದು ಮಲಗಿದ್ದರೆ ನಾನು ನಡುರಾತ್ರಿ ಎದ್ದು, ಬೆವರಿನಲ್ಲಿ ತೊಯ್ದು, ಮಂಜು ಒಳಬರುವಂತೆ ಕಿಟಕಿ ತೆರೆದು ಕೂರುತ್ತಿದ್ದೆ. ಎದೆಯಿಂದ ಕಿವಿಯವರೆಗೆ ಏರುವ ಆ ಕಾವು ದಿನಕ್ಕೆ ಏಳೆಂಟು ಸಲ ಬರುತ್ತಿತ್ತು. ನಿದ್ದೆಗೆಟ್ಟು ಮಕ್ಕಳ ಮೇಲೆ ರೇಗಿದ್ದುಂಟು. ಮಂಡಿ ನೋವು, ಯೋನಿಯ ಒಣಗುವಿಕೆ ಕೂಡ ಬಂದವು. ಎರಡನೆಯದನ್ನು ಹೇಳಿಕೊಳ್ಳಲು ನಮ್ಮಲ್ಲಿ ಸಂಕೋಚ ಹೆಚ್ಚು, ಆದರೆ ಕೇಳಿದರೆ ಅದಕ್ಕೂ ಉಪಶಮನವಿದೆ. ಕಣ್ಣಿಗೆ ಕಾಣದ ಹಾನಿ ಮೂಳೆಗಳದ್ದು: ಮೂರು ತಿಂಗಳಲ್ಲೇ ಬೆನ್ನುಮೂಳೆಯ ಸಾಂದ್ರತೆ ನೂರಕ್ಕೆ ಎರಡು ಮೂರರಷ್ಟು ಇಳಿಯಬಹುದು, ಆದ್ದರಿಂದಲೇ ಇದನ್ನೊಂದನ್ನೇ ಆರು ತಿಂಗಳಿಗಿಂತ ಹೆಚ್ಚು ಕಾಲ ಕೊಡುವುದಿಲ್ಲ. ನಾಲ್ಕನೆಯ ಡೋಸಿನಿಂದ ನನಗೆ ಜೊತೆಯಲ್ಲಿ ದಿನಕ್ಕೆ 5 ಮಿಲಿಗ್ರಾಂ ನೊರೆಥಿಸ್ಟಿರಾನ್ ಎಂಬ, ಪ್ರೊಜೆಸ್ಟರಾನ್‌ನಂಥ ಹಾರ್ಮೋನಿನ ಮಾತ್ರೆ ಮತ್ತು ಕ್ಯಾಲ್ಸಿಯಂ ಕೊಟ್ಟರು. ಕಾವು ದಿನಕ್ಕೆ ಒಂದೆರಡು ಸಲಕ್ಕೆ ಇಳಿಯಿತು. ಅಕ್ಕಿ ರೊಟ್ಟಿಯ ಮನೆಯಲ್ಲಿ ರಾಗಿ ರೊಟ್ಟಿ ಶುರುವಾಯಿತು. ಊಟದ ಹಿಂದೆಯೇ ಕುಡಿಯುವ ಕಾಫಿ ಕಬ್ಬಿಣಾಂಶ ಹೀರುವುದನ್ನು ತಡೆಯುತ್ತದೆಂದು, ಕಾಫಿ ತೋಟದ ನಡುವೆ ಬೆಳೆದ ನಾನು ಅದನ್ನು ಎರಡು ಗಂಟೆ ಮುಂದೂಡಲು ಕಲಿತೆ.

ನಾನು ಮಾಡಿದ ತಪ್ಪನ್ನೂ ಹೇಳಲೇಬೇಕು. 2023ರ ಫೆಬ್ರವರಿಯಲ್ಲಿ ಆಗಬೇಕಿದ್ದ ಆಪರೇಷನ್ನನ್ನು ಎಸ್ಸೆಸ್ಸೆಲ್ಸಿ ಪರೀಕ್ಷೆಯ ಕಾರಣ ಹೇಳಿ ಮುಂದೂಡಿಸಿ, ಏಪ್ರಿಲ್‌ವರೆಗೆ ಇನ್ನೂ ಮೂರು ಇಂಜೆಕ್ಷನ್ ಪಡೆದೆ. ಆಮೇಲೆ ಮೈ ಹಗುರವಾಗಿದ್ದುದರಿಂದ ಆಪರೇಷನ್ನೇ ಬೇಡವೆಂದು ಸುಮ್ಮನಾದೆ. ಜುಲೈಯಲ್ಲಿ ಮುಟ್ಟು ಮರಳಿತು. ಡಿಸೆಂಬರಿನ ಸ್ಕ್ಯಾನಿಂಗ್‌ನಲ್ಲಿ ಗಡ್ಡೆ 7.7 ಸೆಂಟಿಮೀಟರ್, ಹಿಮೋಗ್ಲೋಬಿನ್ 9. ಔಷಧಿ ಕೈಕೊಟ್ಟಿತೆಂದು ಅಂದು ಅತ್ತೆ ನಾನು. ಆದರೆ ಅದರ ಗುಣವೇ ಅದು: ತಡೆ ತೆಗೆದ ಕೂಡಲೇ ಅಂಡಾಶಯ ಎಚ್ಚರಗೊಳ್ಳುತ್ತದೆ, ಗಡ್ಡೆ ಮತ್ತೆ ಬೆಳೆಯುತ್ತದೆ. ಐವತ್ತರ ಹತ್ತಿರವಿದ್ದು ಮುಟ್ಟು ತಾನಾಗಿ ನಿಲ್ಲುವ ಕಾಲ ಬಂದವರಿಗೆ ಕಾಯುವ ದಾರಿ ಇರಬಹುದು. 44ರಲ್ಲಿ ನನಗೆ ಅದು ಇರಲಿಲ್ಲ.

ಎರಡನೆಯ ಸರದಿಗೆ ಮುನ್ನ ಮೂಳೆ ಸಾಂದ್ರತೆಯ ಡೆಕ್ಸಾ ಪರೀಕ್ಷೆ ಮಾಡಿಸಿ, 2024ರ ಫೆಬ್ರವರಿಯಿಂದ ಮೂರು ಡೋಸು ಪಡೆದು, ಬೇಸಿಗೆ ರಜೆಯ ಮೇ ತಿಂಗಳಲ್ಲಿ ಹಾಸನದಲ್ಲಿ ಗರ್ಭಕೋಶ ತೆಗೆಸಿಕೊಂಡೆ. ಕುಗ್ಗಿದ್ದುದರಿಂದ ಹೊಟ್ಟೆಯನ್ನು ಉದ್ದಕ್ಕೆ ಕೊಯ್ಯಬೇಕಾಗಲಿಲ್ಲ, ಕೆಳಗಿನ ಚಿಕ್ಕ ಅಡ್ಡ ಗಾಯದಲ್ಲೇ ಮುಗಿಯಿತು. ರಕ್ತ ಕೊಡುವ ಪ್ರಮೇಯವೂ ಬರಲಿಲ್ಲ. ಅಂಡಾಶಯಗಳನ್ನು ಉಳಿಸಿದ್ದಾರೆ. ಗಡ್ಡೆಯನ್ನಷ್ಟೇ ತೆಗೆಸುವವರು ಮಾತ್ರ ಒಂದು ವಿಷಯ ಕೇಳಿ ತಿಳಿಯಬೇಕು: ಈ ಇಂಜೆಕ್ಷನ್ನಿನ ಬಳಿಕ ಗಡ್ಡೆಯ ಸುತ್ತಲಿನ ಪದರ ಬಿಡಿಸುವುದು ಕೆಲವೊಮ್ಮೆ ಕಷ್ಟವಾಗುತ್ತದೆ.

ಖರ್ಚು ಡೋಸಿಗೆ ಸುಮಾರು 4,000 ರೂಪಾಯಿ ಬಿತ್ತು. ಫೈಬ್ರಾಯ್ಡಿನ ಸ್ರಾವಕ್ಕೇ ಕೊಡುವ ಇನ್ನೊಂದು ಔಷಧಿ, ಗುಳಿಗೆಯ ರೂಪದ ರೆಲುಗೊಲಿಕ್ಸ್ ಮಿಶ್ರಣಕ್ಕೆ ಅಮೆರಿಕದಲ್ಲಿ 2021ರ ಮೇ ತಿಂಗಳಲ್ಲಿ ಅನುಮತಿ ಸಿಕ್ಕಿದೆ; ಅದು ಪಿಟ್ಯುಟರಿಯನ್ನು ನೇರವಾಗಿ ತಡೆಯುವುದರಿಂದ ಆರಂಭದ ಏರಿಕೆ ಇಲ್ಲ, ಮೂಳೆ ಕಾಯುವ ಹಾರ್ಮೋನನ್ನು ಅದರಲ್ಲೇ ಸ್ವಲ್ಪ ಸೇರಿಸಿರುವುದರಿಂದ 24 ತಿಂಗಳವರೆಗೆ ಕೊಡಬಹುದು. ಗರ್ಭಿಣಿಯರು ಇವೆರಡನ್ನೂ ತೆಗೆದುಕೊಳ್ಳುವಂತಿಲ್ಲ.

ಕಳೆದ ತಿಂಗಳು ನಮ್ಮ ಶಾಲೆಯ ಸಹಶಿಕ್ಷಕಿಯೊಬ್ಬರ ಮೊದಲ ಇಂಜೆಕ್ಷನ್ನಿಗೆ ನಾನೂ ಜೊತೆಗೆ ಹೋಗಿದ್ದೆ. ಎರಡನೆಯ ವಾರದ ಮಾತನ್ನು ಬಸ್ಸಿನಲ್ಲೇ ಹೇಳಿದ್ದೆ. ಆಪರೇಷನ್ನಿನ ದಿನಾಂಕವನ್ನು ಅವರು ಅಂದೇ ಚೀಟಿಯಲ್ಲಿ ಬರೆಸಿಕೊಂಡು ಬಂದರು.