ಏನಾಯಿತು ಎಂದು ಕೇಳದ ಬಳಗ: ಶಿರಸಿಯ ಒಂದು ಭಾನುವಾರದ ಕೂಟದ ಬಗ್ಗೆ

ಹತ್ತು ತಿಂಗಳಿಂದ ಪ್ರತಿ ತಿಂಗಳ ಎರಡನೆಯ ಭಾನುವಾರ ನಾನು ಅಂಕೋಲೆಯಿಂದ ಬೆಳಗಿನ ಬಸ್ಸಿಗೆ ಕುಮಟೆಗೆ ಹೋಗಿ, ಅಲ್ಲಿಂದ ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಬರುತ್ತಿದ್ದೇನೆ. ಹಳೆಯ ಮನೆಯೊಂದರ ಮೆತ್ತಿನ ಮೇಲೆ ಸೇರುವ ಒಂದು ಸಣ್ಣ ಕೂಟ ಅದಕ್ಕೆ ಕಾರಣ. ಬದುಕಿನಲ್ಲಿ ದೊಡ್ಡ ಆಘಾತ ಉಂಡವರು, ಅದರ ಫಲವಾಗಿ, ಮನಸ್ಸು ತನ್ನ ಮೈಯಿಂದ, ನೆನಪಿನಿಂದ, ಸುತ್ತಲಿನ ಲೋಕದಿಂದ ಕಳಚಿಕೊಳ್ಳುವ ಡಿಸೋಸಿಯೇಷನ್ ಎಂಬ ತೊಂದರೆಯೊಡನೆ ಬಾಳುತ್ತಿರುವವರು ಅಲ್ಲಿ ಒಬ್ಬರಿಗೊಬ್ಬರು ಜೊತೆಯಾಗಿ ಎರಡು ತಾಸು ಕೂರುತ್ತಾರೆ. ಕೂಟಕ್ಕೆ ಹೆಸರಿಲ್ಲ, ಬರುವವರು ಬಳಗ ಎನ್ನುತ್ತಾರೆ. ಅಲ್ಲಿ ಕೇಳಿದ್ದನ್ನು ಹೊರಗೆ ಆಡಬಾರದೆಂಬ ಮಾತು ಕೊಟ್ಟಿರುವುದರಿಂದ, ಇಲ್ಲಿ ನನ್ನ ಅನುಭವವನ್ನು ಮತ್ತು ಅಲ್ಲಿನ ಕ್ರಮಗಳನ್ನು ಮಾತ್ರ ಬರೆಯುತ್ತೇನೆ. ಕ್ರಮಗಳನ್ನು ಬರೆಯಲು ನಡೆಸುವವರ ಒಪ್ಪಿಗೆ ಪಡೆದಿದ್ದೇನೆ.

ನನ್ನ ತೊಂದರೆ ಯಾವ ಬಗೆಯದೆಂದು ಹೇಳದಿದ್ದರೆ ಬಳಗದ ಬೆಲೆ ತಿಳಿಯದು. ಒಂದು ಸಂಜೆ ಅಡುಗೆಮನೆಗೆ ಹೋದಾಗ ಮಣೆಯ ಮೇಲೆ ಬಸಳೆ ಹೆಚ್ಚಿಟ್ಟಿತ್ತು. ದಂಟು ಒಂದು ಕಡೆ, ಎಲೆ ಇನ್ನೊಂದು ಕಡೆ, ನಾನು ಯಾವಾಗಲೂ ಮಾಡುವ ಹಾಗೆಯೇ ಇತ್ತು, ಕತ್ತಿಯ ಅಲಗಿನಲ್ಲಿ ಲೋಳೆ ಇನ್ನೂ ಒಣಗಿರಲಿಲ್ಲ. ಮನೆಯಲ್ಲಿ ನಾನೊಬ್ಬಳೇ ಇದ್ದೆ, ಹೆಚ್ಚಿದ ನೆನಪು ಮಾತ್ರ ನನಗಿರಲಿಲ್ಲ. ತಾಳಲಾರದ ನೋವು ಎಳವೆಯಲ್ಲಿ ಮೇಲಿಂದ ಮೇಲೆ ಬಂದಾಗ, ಓಡಿಹೋಗಲು ದಾರಿಯಿಲ್ಲದ ಮಗುವಿನ ಮನಸ್ಸು ತಾನೇ ದೂರ ಸರಿದು ಬದುಕಿಕೊಳ್ಳುತ್ತದೆ, ಆ ಅಭ್ಯಾಸ ಆಪತ್ತು ಕಳೆದ ಮೇಲೂ ಉಳಿದುಬಿಡುತ್ತದೆ. ಕೆಲವರಿಗೆ ತಮ್ಮ ಕೈಕಾಲು ಬೇರೆಯವರದ್ದೆನ್ನಿಸುತ್ತದೆ, ಕೆಲವರಿಗೆ ಸುತ್ತಲಿನ ಲೋಕ ಗಾಜಿನಾಚೆ ಇದ್ದಂತೆ ಕಾಣುತ್ತದೆ, ನನ್ನಂಥವರಿಗೆ ದಿನದ ತುಂಡುಗಳೇ ಕಾಣೆಯಾಗುತ್ತವೆ. ಇನ್ನು ಕೆಲವರೊಳಗೆ ಬೇರೆ ಬೇರೆ ವಯಸ್ಸಿನ, ಬೇರೆ ಸ್ವಭಾವದ ಪಾಲುಗಳೇ ಇರುತ್ತವೆ. ಜನ ಬಹುವ್ಯಕ್ತಿತ್ವ ಎಂದು ಕರೆಯುವ ಈ ಸ್ಥಿತಿಗೆ ಅಮೆರಿಕದ ಮನೋವೈದ್ಯರ ಕೈಪಿಡಿ 1994ರಿಂದ ಡಿಸೋಸಿಯೇಟಿವ್ ಐಡೆಂಟಿಟಿ ಡಿಸಾರ್ಡರ್ ಎಂಬ ಹೆಸರು ಕೊಟ್ಟಿದೆ.

ಬಳಗಕ್ಕೆ ಬರುವ ಮೊದಲು, ಹಲವು ವರ್ಷಗಳ ಹಿಂದೆ, ಕರಾವಳಿಯ ಒಂದು ಆಸ್ಪತ್ರೆಯಲ್ಲಿ ನನ್ನನ್ನು ಪರೀಕ್ಷಿಸಿದವರು ಬಾಗಿಲು ತೆರೆದಿಟ್ಟು, ಸೋದರಮಾವನ ಎದುರಿನಲ್ಲಿಯೇ, ಚಿಕ್ಕಂದಿನಲ್ಲಿ ಏನು ನಡೆಯಿತೆಂದು ಒಂದೊಂದಾಗಿ ಕೇಳಿದ್ದರು. ಅವರ ಉದ್ದೇಶ ಒಳ್ಳೆಯದೇ ಇದ್ದೀತು. ಆದರೆ ಆ ದಿನದ ನಂತರದ ಎರಡು ದಿನ ನನ್ನ ಲೆಕ್ಕದಲ್ಲಿಲ್ಲ, ಮತ್ತು ಮುಂದಿನ ನಾಲ್ಕು ವರ್ಷ ನಾನು ಯಾವ ಡಾಕ್ಟರರ ಮೆಟ್ಟಿಲನ್ನೂ ಹತ್ತಲಿಲ್ಲ. ಈ ತೊಂದರೆಗೆ ಕೊಡುವ ಚಿಕಿತ್ಸೆಯಲ್ಲಿ ಮೊದಲ ಹಂತ ಸುರಕ್ಷತೆಯದು, ದಿನದಿನದ ಬದುಕು ಒಂದು ಹದಕ್ಕೆ ಬರುವುದು. ಹಳೆಯ ನೆನಪನ್ನು ಬಿಚ್ಚುವ ಮಾತು ಆಮೇಲಿನದು. ಇದನ್ನು ನಾನು ಆಮೇಲೆ ಒಬ್ಬ ಒಳ್ಳೆಯ ವೈದ್ಯೆಯಿಂದ ತಿಳಿದೆ. ಬಳಗದ ಗುರುತು ಹೇಳಿದವರೂ ಅವರೇ.

ಬಳಗದಲ್ಲಿ ನನ್ನನ್ನು ಮೊದಲು ಹಿಡಿದು ನಿಲ್ಲಿಸಿದ್ದು, ಅಲ್ಲಿ ಕೇಳದೆ ಬಿಟ್ಟ ಪ್ರಶ್ನೆಗಳು. ನಮ್ಮ ಜಿಲ್ಲೆಯಲ್ಲಿ ಹೊಸಬರು ಕಂಡರೆ ‘ಯಾವೂರು? ಯಾರ ಮನೆ?’ ಎಂದು ಕೇಳದೆ ಮಾತು ಮುಂದಕ್ಕೆ ಹೋಗುವುದಿಲ್ಲ. ಹೆಗಡೆ, ನಾಯ್ಕ, ಹರಿಕಂತ್ರ ಎಂದು ಅಡ್ಡಹೆಸರು ಹೇಳಿದರೆ ಸಾಕು, ಜಾತಿ, ಕೇರಿ, ನೆಂಟಸ್ತಿಕೆ ಎಲ್ಲ ಹೊರಬೀಳುತ್ತದೆ, ಮತ್ತು ನೋವು ಕೊಟ್ಟವರು ಮನೆಯವರೇ ಆಗಿದ್ದರೆ ಆ ಎರಡು ಪ್ರಶ್ನೆಗಳೇ ಬಾಯಿ ಕಟ್ಟಿಸುತ್ತವೆ. ಬಳಗದಲ್ಲಿ ಅಡ್ಡಹೆಸರು ಬೇಡ, ಊರು ಬೇಡ. ಅಕ್ಕ, ತಮ್ಮ ಎನ್ನುವುದಷ್ಟೇ. ಏನಾಯಿತು ಎಂದು ಯಾರೂ ಕೇಳುವುದಿಲ್ಲ, ಈಗ ಹೇಗಿದ್ದೀರಿ ಎಂದು ಕೇಳುತ್ತಾರೆ. ನಡುವಿನ ತಟ್ಟೆಯಲ್ಲಿ ಚಾಲಿ ಅಡಿಕೆ ಇಟ್ಟಿರುತ್ತಾರೆ; ಒಂದನ್ನು ತೆಗೆದು ತನ್ನೆದುರು ಇಟ್ಟುಕೊಂಡರೆ ‘ಇವತ್ತು ನನ್ನನ್ನು ಮಾತಾಡಿಸಬೇಡಿ’ ಎಂದರ್ಥ. ಮೊದಲ ಮೂರು ತಿಂಗಳೂ ನನ್ನ ಮುಂದೆ ಅಡಿಕೆ ಇತ್ತು. ಒಬ್ಬರೂ ಅದರತ್ತ ಎರಡನೆಯ ಸಲ ನೋಡಲಿಲ್ಲ. ಒಳಗೆ ಹಲವು ಪಾಲುಗಳಿರುವವರು ‘ನಾನು’ ಎನ್ನುವ ಬದಲು ‘ನಾವು’ ಎಂದರೆ ಯಾರೂ ತಿದ್ದುವುದಿಲ್ಲ, ಈಗ ಮಾತಾಡುತ್ತಿರುವವರು ಯಾರೆಂದು ಕುತೂಹಲದಿಂದ ಕೆದಕುವುದೂ ಇಲ್ಲ.

ಮೈಮೇಲೆ ಬರುವುದರ ಬಗ್ಗೆ ಅವರು ಇಟ್ಟುಕೊಂಡಿರುವ ಎಚ್ಚರವನ್ನೂ ಹೇಳಬೇಕು. ದೇವರು ಮೈಮೇಲೆ ಬರುವ ಪಾತ್ರಿಯ ದರ್ಶನ ನಮ್ಮ ಕಡೆ ಇಂದಿಗೂ ನಡೆಯುತ್ತದೆ, ಅದನ್ನು ಬಳಗದಲ್ಲಿ ಯಾರೂ ಹಗುರವಾಗಿ ಆಡುವುದಿಲ್ಲ. 2022ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯೂ ಧಾರ್ಮಿಕ ಆಚರಣೆಯ ಭಾಗವಾಗಿ ಒಪ್ಪಿತವಾದ ಆವೇಶವನ್ನು ಕಾಯಿಲೆ ಎನ್ನುವುದಿಲ್ಲ. ಬೇಡವೆಂದರೂ ಬಂದು, ಬದುಕನ್ನು ಕೆಡಿಸುವುದನ್ನಷ್ಟೇ ಕಾಯಿಲೆ ಎನ್ನುತ್ತದೆ. ಗಾಳಿ ಸೋಕಿದೆಯೆಂದು ವರ್ಷಗಟ್ಟಲೆ ಹೊಡೆತ ತಿಂದವರಿಗೆ ಈ ಒಂದು ಗೆರೆ ಎಷ್ಟು ದೊಡ್ಡ ಬಿಡುಗಡೆ ಎಂಬುದು ಅನುಭವಿಸಿದವರಿಗೆ ಗೊತ್ತು.

ಕೊರತೆಗಳಿವೆ. ಜೂನ್ ತಿಂಗಳ ಸಭೆಯಲ್ಲಿ ಹೊಸಬರೊಬ್ಬರು ತಮಗಾದ ಹಿಂಸೆಯನ್ನು ವಿವರವಾಗಿ ಹೇಳತೊಡಗಿದರು. ಅಂಥ ವಿವರ ಬೇಡವೆಂಬ ನಿಯಮವನ್ನು ಅವರಿಗೆ ಮೊದಲೇ ಹೇಳಿರಲಿಲ್ಲ, ನಡೆಸುವವರು ತಡೆಯುವುದಕ್ಕೂ ಬಹಳ ಹೊತ್ತು ತೆಗೆದುಕೊಂಡರು. ತಗಡಿನ ಮಾಡಿನ ಮೇಲೆ ಮಳೆ ಜೋರಾಗಿ ಹೊಯ್ಯುತ್ತಿತ್ತು. ಮೊದಲು ಮಾತು ದೂರವಾಯಿತು, ಆಮೇಲೆ ಮಳೆಯೂ ದೂರವಾಯಿತು, ಮಡಿಲಲ್ಲಿದ್ದ ಕೈಗಳು ನನ್ನವೆನಿಸಲಿಲ್ಲ. ಪಕ್ಕದಲ್ಲಿದ್ದವರು ನನ್ನನ್ನು ಮುಟ್ಟಲಿಲ್ಲ, ಕೂಗಲೂ ಇಲ್ಲ. ‘ಅಕ್ಕಾ, ಇವತ್ತು ಭಾನುವಾರ. ನಾವು ಶಿರಸಿಯಲ್ಲಿದ್ದೇವೆ. ಹೊರಗೆ ಮಳೆ ಹೊಯ್ತಾ ಇದೆ. ನಾನು ಇಲ್ಲೇ ಕೂತಿದ್ದೇನೆ’ ಎಂದು ಒಂದೇ ದನಿಯಲ್ಲಿ ಹೇಳುತ್ತ ಹೋದರು. ಸ್ವಲ್ಪ ಹೊತ್ತಿನ ಮೇಲೆ ‘ಇದನ್ನು ಹಿಡಿಯಲಿಕ್ಕೆ ಆಗ್ತದಾ?’ ಎಂದು ಕೇಳಿ, ನೀರಲ್ಲಿ ಅದ್ದಿದ ಲಾವಂಚದ ಬೇರಿನ ಸಣ್ಣ ಕಟ್ಟನ್ನು ಹತ್ತಿರ ಇಟ್ಟರು. ಮೊದಲು ವಾಸನೆ ಬಂತು, ಆಮೇಲೆ ಬೆರಳಿಗೆ ಬೇರಿನ ಒರಟು ತಾಗಿತು, ಆಮೇಲೆ ಮಳೆಯ ಸದ್ದು ಮರಳಿತು. ಕಣ್ಣಿಗೆ ಕಾಣುವುದು, ಕಿವಿಗೆ ಕೇಳುವುದು, ಕೈಗೆ ತಾಗುವುದು, ಹೀಗೆ ಇಂದ್ರಿಯಗಳ ಮೂಲಕ ಮನಸ್ಸನ್ನು ಈ ಹೊತ್ತಿಗೆ, ಈ ಜಾಗಕ್ಕೆ ಕರೆತರುವ ಉಪಾಯವನ್ನು ಚಿಕಿತ್ಸಕರೂ ಕಲಿಸುತ್ತಾರೆ; ಆದರೆ ಅದೇ ದಾರಿಯಲ್ಲಿ ನಡೆದು ಬಂದವರು ಅದನ್ನು ಮಾಡುವಾಗ ನಾಚಿಕೆ ಇರುವುದಿಲ್ಲ.

ಮರುದಿನ ಸಂಜೆ ನಡೆಸುವವರಲ್ಲಿ ಒಬ್ಬರು ಫೋನ್ ಮಾಡಿ, ತಪ್ಪು ತಮ್ಮದೆಂದು ನೇರವಾಗಿ ಒಪ್ಪಿಕೊಂಡರು. ಮುಂದಿನ ಸಭೆಯಿಂದ ನಿಯಮಗಳನ್ನು ಮೊದಲಿಗೇ ಗಟ್ಟಿಯಾಗಿ ಓದುತ್ತಿದ್ದಾರೆ. ಆ ಹೊಸಬರನ್ನೂ ಬೇಸರಪಡಿಸದೆ ಉಳಿಸಿಕೊಂಡರು ಎನ್ನುವುದು ನನಗೆ ಅಷ್ಟೇ ಮುಖ್ಯ.

ಮೆತ್ತಿನ ಏಣಿಮೆಟ್ಟಿಲು ಕಡಿದಾಗಿದೆ, ಮಂಡಿನೋವಿನವರಿಗೆ ಆಗದು. ಹೆಂಗಸರಿಗೆ ಪ್ರತ್ಯೇಕ ದಿನ ಬೇಕೆಂದು ಕೇಳಿದ್ದೇವೆ, ಇನ್ನೂ ಆಗಿಲ್ಲ. ನನ್ನ ದೊಡ್ಡ ದೂರು ಬೇರೆ: ಇಂಥದೊಂದು ಕೂಟ ಘಟ್ಟದ ಕೆಳಗೆ ಇಲ್ಲ. ಮಳೆಗಾಲದಲ್ಲಿ ಘಟ್ಟದ ರಸ್ತೆ ಯಾವಾಗ ಬಂದ್ ಆಗುವುದೋ ಹೇಳಲಾಗದು, ಒಮ್ಮೆ ಕುಮಟೆಯಿಂದಲೇ ಹಿಂದಿರುಗಿದ್ದೇನೆ. 2024ರ ಜುಲೈ 16ರಂದು ನಮ್ಮ ಅಂಕೋಲೆ ತಾಲೂಕಿನ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಕುಸಿದ ಮೇಲೆ, ಇರುಳು ಮಳೆ ಜೋರಾದರೆ ಎದ್ದು ಕೂರುವವರು ನಮ್ಮ ಕೇರಿಯಲ್ಲಿಯೇ ಇದ್ದಾರೆ. ಕಾರವಾರದಲ್ಲೋ ಅಂಕೋಲೆಯಲ್ಲೋ ಒಂದು ಬಳಗವಿದ್ದರೆ ಅವರಿಗೂ ಒಂದು ಚಾಪೆ ಸಿಗುತ್ತಿತ್ತು.

ಬಳಗ ಚಿಕಿತ್ಸೆಯಲ್ಲ, ಮೊದಲ ದಿನವೇ ಅದನ್ನು ಸ್ಪಷ್ಟವಾಗಿ ಹೇಳುತ್ತಾರೆ, ಮಾತ್ರೆಯ ಬಗ್ಗೆ ಸಲಹೆ ಕೊಡುವುದಿಲ್ಲ. ಡಿಸೋಸಿಯೇಷನ್ನಿಗೆಂದೇ ಇರುವ ಮಾತ್ರೆಯಿಲ್ಲ, ಜೊತೆಗಿರುವ ಖಿನ್ನತೆ, ನಿದ್ರೆಗೇಡಿಗೆ ಔಷಧ ಕೊಡುತ್ತಾರೆ, ಮುಖ್ಯ ಚಿಕಿತ್ಸೆ ತರಬೇತಿ ಪಡೆದವರೊಡನೆ ನಡೆಸುವ ಮಾತುಕತೆ. ಜೀವ ಬೇಡವೆನ್ನಿಸುವ ಹೊತ್ತಿನಲ್ಲಿ ಎರಡನೆಯ ಭಾನುವಾರದವರೆಗೆ ಕಾಯಬಾರದು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿಗೆ, 14416ಕ್ಕೆ, ಹಗಲು ರಾತ್ರಿ ಎನ್ನದೆ ಕನ್ನಡದಲ್ಲಿಯೇ ಮಾತಾಡಬಹುದು, ಹಣ ಕೊಡಬೇಕಾಗಿಲ್ಲ.

ಬಳಗಕ್ಕೂ ಶುಲ್ಕವಿಲ್ಲ. ಬಾಗಿಲ ಬಳಿಯ ಡಬ್ಬಿಗೆ ಕೈಲಾದದ್ದು ಹಾಕಬಹುದು, ಹಾಕದಿದ್ದರೆ ಯಾರೂ ನೋಡುವುದಿಲ್ಲ. ಮನೆಯ ಗುರುತನ್ನು ಇಲ್ಲಿ ಕೊಡಲಾರೆ. ನಿಮ್ಮ ಮನೋವೈದ್ಯರನ್ನು ಕೇಳಿ, ಅವರ ಮೂಲಕ ಹೋಗಿ. ಮೊದಲ ಸಲ ಹೋಗುವವರು ಬಾಗಿಲ ಹತ್ತಿರದ ಚಾಪೆಯಲ್ಲಿ ಕೂರಿ. ಅದನ್ನು ಹೊಸಬರಿಗೆಂದೇ ಖಾಲಿ ಬಿಟ್ಟಿರುತ್ತಾರೆ, ಮತ್ತು ಆ ಬಾಗಿಲನ್ನು ಸಭೆ ಮುಗಿಯುವವರೆಗೂ ಹಾಕುವುದಿಲ್ಲ.